ಹಿಲ್ಡಮ್ಮನ ಸೊಂಟದಲ್ಲಿದ್ದ ನನ್ನ ಗಂಟು

ನನ್ನ ಬಲತೋಳು ತಲೆಯವರೆಗೆ ಏಳದೆ ನಿಂತ ಬೆಳಿಗ್ಗೆ ನಾನು ಮೊದಲು ಬೈದದ್ದು ನಮ್ಮ ಯಜಮಾನರನ್ನು. ಅವರ ತಪ್ಪೇನೂ ಇರಲಿಲ್ಲ, ಎದುರಿಗಿದ್ದರು ಅಷ್ಟೆ. ತುರುಬು ಕಟ್ಟಲೆಂದು ಎರಡೂ ಕೈ ಎತ್ತಿದ್ದೆ. ಎಡಗೈ ಸಲೀಸಾಗಿ ತಲೆಯ ಹಿಂದಕ್ಕೆ ಹೋಯಿತು. ಬಲಗೈ ಎದೆಯ ಮಟ್ಟಕ್ಕೆ ಬಂದು, ಇನ್ನು ನನ್ನಿಂದಾಗದು ಎಂದು ನಿಂತುಬಿಟ್ಟಿತು. ಬಲವಂತ ಮಾಡಿದರೆ ಭುಜದಿಂದ ಮೊಣಕೈವರೆಗೆ ಉರಿ. ಕೂದಲು ಬಿಚ್ಚಿಕೊಂಡು ಅಡುಗೆಮನೆಯ ನಡುವೆ ನಿಂತ ನನ್ನನ್ನು ನೋಡಿ ಅವರು ಕಾಫಿ ಲೋಟ ಕೆಳಗಿಟ್ಟರು.

"ಕೊಡು ಇಲ್ಲಿ, ನಾನು ಕಟ್ತೀನಿ" ಅಂದರು.

ಜನ್ಮವೆಲ್ಲ ಊರಿನ ಮೈಲಿಗೆ ಬಟ್ಟೆಯ ಗಂಟು ಕಟ್ಟಿ ಹೊಳೆಗೆ ಹೊತ್ತ ಮನುಷ್ಯ. ನನ್ನ ಕೂದಲನ್ನೂ ಹಾಗೆಯೇ ಕಟ್ಟಿದರು, ನಾಲ್ಕು ಮೂಲೆ ಸೇರಿಸಿ, ಎಳೆದು, ಮೇಲೊಂದು ಗುದ್ದು ಕೊಟ್ಟು. ಆ ತಲೆ ಹೊತ್ತು ಪೇಟೆಬೀದಿಗೆ ಬಂದೆ. ಹೂವಿನವಳು ಬಾಯಿಗೆ ಸೆರಗು ಅಡ್ಡ ಹಿಡಿದಳು. ನಾನು ಅವಳ ಕಡೆ ನೋಡಲಿಲ್ಲ.

ನನ್ನದು ಇಸ್ತ್ರಿ ಕೆಲಸ. ಪೇಟೆಬೀದಿಯ ಮೂಲೆಯಲ್ಲಿ ತಗಡಿನ ಮಾಡು, ಅದರ ಕೆಳಗೆ ಕಂಬಳಿ ಹಾಸಿದ ಮೇಜು, ಅತ್ತೆ ಕೊಟ್ಟ ಹಿತ್ತಾಳೆಯ ಇದ್ದಿಲು ಪೆಟ್ಟಿಗೆ. ಅದನ್ನು ಎತ್ತಿ ಇಡುವುದು, ಎತ್ತಿ ಬೂದಿ ಊದುವುದು, ಎತ್ತಿ ಒತ್ತುವುದು, ದಿನವೆಲ್ಲ ಅದೇ. ಆ ದಿನ ಪೆಟ್ಟಿಗೆ ಮೇಜಿನಿಂದ ಒಂದು ಗೇಣೂ ಏಳಲಿಲ್ಲ. ಕೆಂಡ ಬೂದಿಯಾಗುತ್ತಾ ಹೋಯಿತು, ನಾನು ನೋಡುತ್ತಾ ನಿಂತೆ. ಕೆಲಸವಿಲ್ಲದೆ ನಿಲ್ಲುವುದು ನನ್ನ ಜಾಯಮಾನಕ್ಕೆ ಆಗಿಬರುವುದಿಲ್ಲ. ಅಳು ಬಂತು ಎಂದರೆ ಸುಳ್ಳಲ್ಲ, ಆದರೆ ಬಂದದ್ದು ಸಿಟ್ಟಿನ ಜೊತೆಗೇ ಬಂತು.

ಹೊರಗಿನವರು ನಮ್ಮೂರ ರೀತಿ ಕೇಳಿ ನಗುತ್ತಾರೆ. ನಗಲಿ. ಚರ್ಮದ ಕೆಳಗೆ, ಮಾಂಸಕ್ಕೆ ಸುತ್ತಿಕೊಂಡು, ಚಕ್ಕೋತದ ತೊಳೆಯ ಮೇಲಿರುವಂಥ ಒಂದು ತೆಳ್ಳನೆಯ ಪೊರೆ ಮೈಯೆಲ್ಲ ಹಬ್ಬಿರುತ್ತದಲ್ಲ, ಅದು ಒಮ್ಮೊಮ್ಮೆ ಎಲ್ಲೋ ಒಂದು ಕಡೆ ಮುದುಡಿ ಅಂಟಿಕೊಂಡು ಗಂಟಾಗುತ್ತದೆ. ಬೇರೆ ಊರುಗಳಲ್ಲಿ ಅದು ಅದೇ ಮೈಯಲ್ಲಿ ಇನ್ನೊಂದು ಕಡೆ ಎಳೆಯುತ್ತದಂತೆ, ಬೆನ್ನಿನಲ್ಲಿ ಮುದುಡಿದರೆ ತಲೆನೋವು, ತೊಡೆಯಲ್ಲಿ ಮುದುಡಿದರೆ ಮಂಡಿನೋವು. ಇಸ್ತ್ರಿಯವಳಿಗೆ ಇದು ಹೊಸದಲ್ಲ. ಅಂಗಿಯ ಕೆಳಗಿನ ಗುಂಡಿ ತಪ್ಪಿ ಹಾಕಿದರೆ ಕೊರಳಪಟ್ಟಿ ಸೊಟ್ಟಗಾಗುತ್ತದೆ. ನಮ್ಮೂರಿನಲ್ಲಿ ಅದು ಇನ್ನೊಂದು ಹೆಜ್ಜೆ ಮುಂದೆ ಹೋಗುತ್ತದೆ. ಗಂಟು ಒಬ್ಬರ ಮೈಯಲ್ಲಿ, ನೋವು ಇನ್ನೊಬ್ಬರ ಮೈಯಲ್ಲಿ. ಈ ಊರಿನ ನೀರು ಕುಡಿದು ಒಂದು ಮಳೆಗಾಲ ಕಳೆದರೆ ಸಾಕು, ಎಲ್ಲಿಂದ ಬಂದವರಿಗೂ ಇದೇ ಲೆಕ್ಕ.

ನಮ್ಮ ಯಜಮಾನರ ಹಿಮ್ಮಡಿ ನೋವಿನ ಗಂಟು ಶಾಲೆಯ ಮೇಷ್ಟರ ಕತ್ತಿನಲ್ಲಿತ್ತು. ಮಿಠಾಯಿ ಅಂಗಡಿಯವನ ಅರೆತಲೆನೋವು ಹೂವಿನವಳ ಅಂಗಾಲಿನಲ್ಲಿತ್ತು. ಹಿತ್ತಲ ಗೋಡೆಗಾಗಿ ಹೊಡೆದಾಡುತ್ತಿದ್ದ ಇಬ್ಬರು ಅಣ್ಣತಮ್ಮಂದಿರು ಸಂಜೆ ಬಂದು ಒಬ್ಬರ ಬೆನ್ನು ಒಬ್ಬರು ಹಿಡಿದು, ಆರಾಮಾಗಿ, ಮತ್ತೆ ಗೋಡೆಯ ಹತ್ತಿರ ಹೋಗಿ ಜಗಳ ಮುಂದುವರಿಸಿದ್ದನ್ನು ನಾನೇ ಕಂಡಿದ್ದೇನೆ. ನಮ್ಮಲ್ಲಿ ಜಗಳ ಆಡುತ್ತಾರೆ, ಆದರೆ ಮಾತು ಬಿಡುವುದಿಲ್ಲ. ಯಾರ ಬೆನ್ನು ಯಾವತ್ತು ಬೇಕಾಗುತ್ತದೋ.

ನೋಯುವವರೇ ಗಂಟಿನ ಮೇಲೆ ಕೈ ಇಡಬೇಕು, ನೋವು ಕೈಯಲ್ಲಿದ್ದರೆ ಆ ನೋಯುವ ಕೈಯನ್ನೇ. ಇದು ಮೊದಲ ಕಟ್ಟಳೆ. ಎರಡನೆಯದು ಬಸ್ಸಿನದು. ನಮ್ಮೂರಿಗೆ ವಾರಕ್ಕೊಂದು ಬಸ್ಸು. ಅದು ಹೊರಡುವ ಮುಂಚೆ ಕಂಡಕ್ಟರ್ ಮರಿಗೌಡ ಫುಟ್‌ಬೋರ್ಡಿನ ಮೇಲೆ ನಿಂತು, "ಈ ಬಸ್ಸಲ್ಲಿ ಯಾರ ಗಂಟಾದ್ರೂ ಹೊರಟೈತಾ? ಇದ್ರೆ ಕೈ ಎತ್ತಿ" ಎಂದು ಕೂಗುತ್ತಾನೆ. ಯಾರಾದರೂ ಕೈ ಎತ್ತಿದರೆ ಆ ಗಂಟು ಹೊತ್ತವರು ಕೆಳಗಿಳಿಯಬೇಕು, ಸಡಿಲವಾಗುವವರೆಗೆ ಊರಲ್ಲೇ ಇರಬೇಕು. ಊರಿನ ಎಲ್ಲೆ ದಾಟಿದ ಗಂಟು ಮತ್ತೆ ಸಿಗುವುದಿಲ್ಲ, ಇಲ್ಲಿ ಉಳಿದವರ ನೋವು ಅವರ ಜೊತೆಗೇ ಮಣ್ಣಿಗೆ ಹೋಗುತ್ತದೆ. ಹಾಗಾಗಿ ಎತ್ತಿದ ಕೈಯನ್ನು ಯಾರೂ ಪ್ರಶ್ನೆ ಮಾಡುವುದಿಲ್ಲ.

ನನ್ನ ಗಂಟು ಯಾರ ಮೈಯಲ್ಲಿದೆ ಎಂದು ಹುಡುಕಲು ಅವತ್ತೇ ಸಂಜೆ ಚಾವಡಿಗೆ ಹೋದೆ. ಬಿಸಿಲು ಇಳಿಯುವ ಹೊತ್ತಿಗೆ ಊರಿನವರೆಲ್ಲ ಅಲ್ಲಿ ಬಂದು ಸಾಲಾಗಿ ಕೂರುತ್ತಾರೆ. ನೋವಿದ್ದವರು ಒಬ್ಬೊಬ್ಬರ ಹತ್ತಿರ ಹೋಗಿ ಕೈಯಾಡಿಸಿ ನೋಡುತ್ತಾರೆ. ಚಾವಡಿಯ ಹಿರಿಯ ಚೌಡಪ್ಪಣ್ಣ, ಹಿಂದೆ ಇದೇ ವಾರದ ಬಸ್ಸಿನ ಡ್ರೈವರ್. ಈಗ ಅವನ ಕೆಲಸ, ಕೈ ಇಡುವುದು ಹೇಗೆ ಎಂದು ಹೇಳಿಕೊಡುವುದು.

ಹುಡುಕಿದೆ. ಮೇಷ್ಟರ ಕತ್ತು, ಹೂವಿನವಳ ಬೆನ್ನು, ಅಣ್ಣತಮ್ಮಂದಿರ ನಾಲ್ಕೂ ಭುಜ, ಬಾಣಂತಿಯರ ಸೊಂಟ, ಮುದುಕರ ಮೊಣಕಾಲು. ಸಂಜೆ ಸಂಜೆ ಹೋಗಿ ಹುಡುಕಿದೆ. ನನ್ನ ತೋಳಿಗೆ ಯಾರ ಮೈಯೂ ಏನೂ ಹೇಳಲಿಲ್ಲ. ಕೊನೆಗೆ ಚೌಡಪ್ಪಣ್ಣ ಬೀಡಿ ಹಚ್ಚಿಕೊಂಡು, "ಇನ್ನು ಊರಲ್ಲಿ ಉಳಿದಿರೋ ಮೈ ಒಂದೇ ಕಣವ್ವ" ಅಂದ.

ನನಗೆ ಗೊತ್ತಿತ್ತು. ಗೊತ್ತಿದ್ದೂ ಆ ಕಡೆ ನೋಡಿರಲಿಲ್ಲ.

ಹಿಲ್ಡಮ್ಮ ಕಡಲ ಕಡೆಯವಳು. ಎರಡು ಮಳೆಗಾಲದ ಹಿಂದೆ ಬಂದು ನನ್ನ ಎದುರು ಸಾಲಿನಲ್ಲೇ ಕೋಣೆ ಹಿಡಿದು, ಉಗಿ ಬಿಡುವ ಕರೆಂಟ್ ಪೆಟ್ಟಿಗೆ ಇಟ್ಟು ಇಸ್ತ್ರಿ ಅಂಗಡಿ ತೆಗೆದವಳು. ಗಂಡ ತೀರಿಕೊಂಡಿದ್ದಾನೆ, ಮಕ್ಕಳಿಲ್ಲ ಎನ್ನುವುದು ಬಿಟ್ಟರೆ ಅವಳ ಬಗ್ಗೆ ನನಗೇನೂ ತಿಳಿದಿರಲಿಲ್ಲ, ತಿಳಿಯುವುದು ಬೇಕಾಗಿಯೂ ಇರಲಿಲ್ಲ. ಆ ಪೆಟ್ಟಿಗೆ ಬುಸ್ ಎಂದಾಗಲೆಲ್ಲ ನನ್ನ ಹೊಟ್ಟೆಯೊಳಗೂ ಬುಸ್ ಎನ್ನುತ್ತಿತ್ತು. ಊರು ಇಬ್ಬರನ್ನು ಸಾಕುವಷ್ಟು ದೊಡ್ಡದಲ್ಲ. ನನ್ನ ಗಿರಾಕಿಗಳು ಹಳಬರು, ಬಹುಪಾಲು ನನ್ನ ಹತ್ತಿರವೇ ಉಳಿದರು. ಅವಳ ಅಂಗಡಿ ಸೊರಗುತ್ತಾ ಬಂತು. ಅವಳು ಊರು ಬಿಡುತ್ತಾಳಂತೆ ಎಂಬ ಸುದ್ದಿ ಬಂದಾಗ ನಾನು ಪಾಯಸ ಮಾಡಲಿಲ್ಲ ಅಷ್ಟೆ. ಹೊರಡುವವಳು ಬೆನ್ನು ಯಾಕೆ ತೋರಿಸಬೇಕು ಎಂದು ಚಾವಡಿಗೂ ಬರುವುದನ್ನು ಬಿಟ್ಟಿದ್ದಳು.

ಮರುದಿನ ಅವಳ ಬಾಗಿಲಿಗೆ ಹೋದೆ. ಕಬ್ಬಿಣದ ಟ್ರಂಕು ತೆರೆದಿತ್ತು. ನೆಲದ ಮೇಲೆ ಕೂತು ಸೀರೆಗಳನ್ನು ಜೋಡಿಸುತ್ತಿದ್ದವಳು ನನ್ನ ತಲೆಯನ್ನು ನೋಡಿದಳು, ಆಮೇಲೆ ನನ್ನನ್ನು.

"ತಾಯಮ್ಮ, ಎಂತ ಆಯ್ತು ಕೂದಲಿಗೆ?"

"ಕೂದಲಿಗೇನೂ ಆಗಿಲ್ಲ. ತೋಳಿಗೆ ಆಗೈತೆ. ಊರೆಲ್ಲ ಹುಡುಕಾಯ್ತು. ನಿಮ್ಮ ಬೆನ್ನು ಒಂದು ಸಲ ನೋಡ್ಬೇಕು."

"ನಾನು ನಾಡಿದ್ದಿನ ಬಸ್ಸಿಗೆ ಹೋಗ್ತೇನೆ. ತಂಗಿ ಬಾ ಬಾ ಅಂತ ಹೇಳಿ ಕಳಿಸ್ತಾ ಇದ್ದಾಳೆ."

"ಅದಕ್ಕೇ ಬಂದಿರೋದು."

ಅವಳು ಎದ್ದು ಬೆನ್ನು ತಿರುಗಿಸಿ ನಿಂತಳು. ನಾನು ನೋಯುವ ಕೈಯನ್ನು ಎಡಗೈಯಿಂದ ಹಿಡಿದುಕೊಂಡು ಅವಳ ಬೆನ್ನಿನ ಮೇಲೆ ಇಳಿಸುತ್ತಾ ಬಂದೆ. ಭುಜದಲ್ಲಿ ಏನೂ ಇಲ್ಲ. ಬೆನ್ನಿನ ನಡುವೆ ಏನೂ ಇಲ್ಲ. ಎಡ ಪಕ್ಕೆಲುಬು ಮುಗಿದು ಸೊಂಟ ಶುರುವಾಗುವ ಕಡೆ, ಇಸ್ತ್ರಿ ಮೇಜಿನ ಅಂಚಿಗೆ ದಿನವೆಲ್ಲ ಒರಗುವ ಜಾಗ ಅದು, ಅಲ್ಲಿ ಅಂಗೈ ತಾಗಿತು. ನನ್ನ ಭುಜದೊಳಗೆ ಯಾರೋ ಬಾಗಿಲು ತಟ್ಟಿದ ಹಾಗಾಯಿತು. ನನಗೂ ಆ ಕಡೆಯೇ ಮೇಜಿನ ಅಂಚು ತಾಗುತ್ತದೆ.

ನನ್ನ ಗಂಟು ಸಿಕ್ಕಿತ್ತು. ಅದು ನನಗೆ ಈ ಊರಿನಲ್ಲಿ ಬೇಡವಾದ ಒಂದೇ ಒಂದು ಮೈಯಲ್ಲಿತ್ತು. ಅದು ಸಡಿಲವಾದರೆ ನನ್ನ ಕೈ ನನಗೆ ಬರುತ್ತದೆ, ಅವಳೂ ಹೊರಟುಹೋಗುತ್ತಾಳೆ. ಆಗದಿದ್ದರೆ ಎರಡೂ ಇಲ್ಲ.

"ದೇವರೇ" ಎಂದು ಅವಳು ಟ್ರಂಕಿನ ಮುಚ್ಚಳ ಹಾಕಿದಳು. "ಬೇಗ ಮುಗಿಸು ಹಾಗಾದ್ರೆ."

ಬೇಗ ಮುಗಿಸುವುದರಲ್ಲಿ ನನ್ನನ್ನು ಮೀರಿಸುವವರು ಯಾರು. ಚಾವಡಿಯ ಬೆಂಚಿನ ಮೇಲೆ ಅವಳನ್ನು ಬಲಮಗ್ಗುಲಿಗೆ ಮಲಗಿಸಿ, ಮೇಲಕ್ಕಿದ್ದ ಎಡಸೊಂಟದ ಮೇಲೆ ಬಲಗೈ ಇಟ್ಟು, ಅದರ ಮೇಲೆ ಎಡಗೈ ಇಟ್ಟು, ಒದ್ದೆ ಪಂಚೆಯ ಸುಕ್ಕು ತೆಗೆಯುವ ಹಾಗೆ ಮೈಭಾರವೆಲ್ಲ ಹಾಕಿ ಒತ್ತಿದೆ. ಒತ್ತಿದೆ, ಉಜ್ಜಿದೆ, ಮತ್ತೆ ಒತ್ತಿದೆ. ಹಿಲ್ಡಮ್ಮ ಹಲ್ಲು ಕಚ್ಚಿಕೊಂಡು ತಡೆದಳು. ಅವಳು ಹೊರಡಬೇಕಿದ್ದ ಬಸ್ಸು ಅವಳನ್ನು ಬಿಟ್ಟೇ ಹೋಯಿತು. ದಿನಾ ಬಂದೆವು, ದಿನಾ ಒತ್ತಿದೆ. ಗಂಟು ಕರಗುವುದಿರಲಿ, ಅಡಿಕೆಯಷ್ಟಿದ್ದದ್ದು ನಿಂಬೆಹಣ್ಣಿನಷ್ಟಾಯಿತು. ಎದೆಯ ಮಟ್ಟಕ್ಕೆ ಬರುತ್ತಿದ್ದ ನನ್ನ ಕೈ ಹೊಟ್ಟೆಯ ಮಟ್ಟಕ್ಕೆ ಇಳಿಯಿತು. ಅನ್ನವನ್ನೂ ಎಡಗೈಯಲ್ಲಿ ತಿನ್ನುವಂತಾಯಿತು.

ಚೌಡಪ್ಪಣ್ಣ ದೂರದಿಂದ ನೋಡುತ್ತಲೇ ಇದ್ದವನು ಒಂದು ಸಂಜೆ ಬಂದು ನನ್ನ ಕೈ ಎತ್ತಿ ಪಕ್ಕಕ್ಕಿಟ್ಟ.

"ಏನವ್ವ ಇದು, ಅಂಗಿ ಅನ್ಕೊಂಡಿದ್ದೀಯ? ಅದು ಮೈ ಕಣವ್ವ. ನೀನು ಜಬರ್ದಸ್ತು ಮಾಡಿದಷ್ಟೂ ಅದು ಬಾಗಿಲು ಹಾಕ್ಕೊಂತದೆ."

"ಇನ್ನೇನು ಮಾಡ್ಲಿ ಚೌಡಪ್ಪಣ್ಣ, ಪೂಜೆ ಮಾಡ್ಲಾ?"

"ಏನೂ ಮಾಡ್ಬೇಡ. ಅಂಗೈ ಇಡು. ಅಂಗೈಯ ಭಾರ ಎಷ್ಟೈತೋ ಅಷ್ಟೇ. ಎಣ್ಣೆ ಬೇಡ, ಜಾರಿ ಹೋಯ್ತದೆ. ಉಜ್ಜಬೇಡ. ಕಾಯ್ತಾ ಕೂತ್ಕೊ. ಒಲೆ ಮೇಲೆ ಅನ್ನ ಇಂಗೋದಿಲ್ವಾ, ಅಷ್ಟು ಹೊತ್ತು. ಆಮೇಲೆ ಒಳಗಿಂದ ಅದೇ ಸರಿಯೋಕೆ ಶುರು ಮಾಡ್ತದೆ. ಅದು ಯಾವ ಕಡೆ ಹೋಯ್ತದೋ ಆ ಕಡೆ ಕೈ ಹೋಗ್ಲಿ. ನೀನು ಎಳೀಬೇಡ. ನಾನು ಗಾಡಿ ಓಡಿಸ್ತಿದ್ದಾಗ ಕ್ಲಚ್ಚು ಬಿಡ್ತಿದ್ನಲ್ಲ, ಒಳಗೆ ಕೂತ ಮುದುಕಿಗೂ ಗಾಡಿ ಹೊರಟಿದ್ದು ಗೊತ್ತಾಗ್ತಿರಲಿಲ್ಲ, ಹಂಗೆ."

ಕೈ ಇಟ್ಟು ಸುಮ್ಮನೆ ಕೂತೆ. ನನ್ನ ಜೀವಮಾನದಲ್ಲಿ ಅಷ್ಟು ಕಷ್ಟದ ಕೆಲಸ ಮಾಡಿಲ್ಲ. ನೊಣ ಬಂತು, ಹೋಯಿತು. ಅಣ್ಣತಮ್ಮಂದಿರು ಬಂದು ಬೆನ್ನು ಹಿಡಿಸಿಕೊಂಡು ಎದ್ದುಹೋದರು. ನನ್ನ ಬೆರಳು ತಾನಾಗಿಯೇ ಒತ್ತಲು ಹೋದಾಗಲೆಲ್ಲ ಹಿಲ್ಡಮ್ಮ ಕೆಮ್ಮುತ್ತಿದ್ದಳು. ಸುಮ್ಮನಿರಲಾರದೆ ಕೊನೆಗೆ ಮಾತು ತೆಗೆದೆ. ಅವಳ ಜೊತೆ ಮಾತಾಡಬೇಕೆಂದಲ್ಲ, ಕೈ ಮರೆಯಬೇಕಿತ್ತು.

"ಮೇಷ್ಟರ ಬಿಳಿ ಅಂಗಿಗೆ ಏನು ಗಂಜಿ ಹಾಕ್ತೀರ ನೀವು? ಅದು ಹೆಂಗೆ ನಿಲ್ತದಲ್ಲ ಕಾಲರ್ರು" ಅಂದೆ.

"ಸಬ್ಬಕ್ಕಿ. ನೀನು ಅಕ್ಕಿ ಗಂಜಿ ಹಾಕುದಲ್ವಾ? ಅದು ಒಣಗಿದ ಮೇಲೆ ಬಿಳಿ ಪುಡಿ ಉದುರ್ತದೆ."

ನನ್ನ ಗಂಜಿಯ ಬಗ್ಗೆ ಯಾರೂ ಹಾಗೆ ಅಂದಿರಲಿಲ್ಲ. ಸಿಟ್ಟು ಬರಬೇಕಿತ್ತು. ಆದರೆ ಉದುರುತ್ತಿತ್ತು, ಅದು ನಿಜ. "ರೇಷ್ಮೆ ಪಂಚೆ ನೆರಿಗೆ ಹಿಡಿಯೋದು ನಿಮಗೆ ಬರಾಕಿಲ್ಲ" ಅಂದೆ. "ಅದು ಹೌದು, ಬರುದಿಲ್ಲ, ಹೇಳಿಕೊಡು" ಅಂದಳು. ಹೇಳುತ್ತಾ ಹೋದೆ. ಜರಿ ಅಂಚಿನ ಮೇಲೆ ಹಳೆಯ ಮಲ್ಲು ಪಂಚೆ ಹಾಸಿ ಒತ್ತುವುದು, ಪೆಟ್ಟಿಗೆಯ ಮೂತಿಯಿಂದ ಶುರುಮಾಡದೆ ಹಿಮ್ಮಡಿಯಿಂದ ಶುರುಮಾಡುವುದು. ಹೇಳುತ್ತಿದ್ದ ಹಾಗೆಯೇ ಅಂಗೈಯ ಕೆಳಗೆ ಏನೋ ಮಿಸುಕಿತು. ಬೆಣ್ಣೆಯುಂಡೆ ಬಿಸಿಲಿಗೆ ಕೂತ ಹಾಗೆ, ಅಂಚಿನಿಂದ ಒಂದಿಷ್ಟು ಮೆತ್ತಗಾಗಿ ಮೇಲಕ್ಕೆ ಸರಿಯಿತು. ಕೈ ಅದರ ಹಿಂದೆ ಹೋಯಿತು. ನನ್ನ ಭುಜದೊಳಗಿನ ಉರಿ ಒಂದು ಗುಟುಕಿನಷ್ಟು ಕಮ್ಮಿಯಾಯಿತು.

ಹಿಲ್ಡಮ್ಮ ದೊಡ್ಡದಾಗಿ ಉಸಿರು ಬಿಟ್ಟಳು. "ಇಷ್ಟು ಉಸಿರು ಒಳಗೆ ಹೋಗ್ತದೆ ಅಂತ ನಂಗೆ ಮರ್ತೇ ಹೋಗಿತ್ತು ಮಾರಾಯ್ತಿ" ಅಂದಳು.

ಅದೂ ಒಂದು ವಿಷಯ. ಗಂಟು ಹೊತ್ತವರಿಗೆ ನೋವಿರುವುದಿಲ್ಲ ನಿಜ, ಆದರೆ ಸುಖವೂ ಇರುವುದಿಲ್ಲ. ಅದು ಬಿಚ್ಚಿಕೊಂಡ ಮೇಲೇ ಎಷ್ಟು ಬಿಗಿಯಾಗಿದ್ದೆವು ಎಂದು ಗೊತ್ತಾಗುವುದು. ಹಿಲ್ಡಮ್ಮನಿಗೆ ಅಂದಿನಿಂದ ಒಳ್ಳೆಯ ನಿದ್ದೆ. ಎಡಗಾಲು ಎಳೆದು ಹಾಕುತ್ತಿದ್ದದ್ದು ನಿಂತಿತು. ಪೇಟೆಬೀದಿಯಲ್ಲಿ ನೆಟ್ಟಗೆ ನಡೆದು ಬರುತ್ತಿದ್ದವಳನ್ನು ನೋಡಿ ಇವಳು ಇಷ್ಟೆತ್ತರವಿದ್ದಳೇ ಅನ್ನಿಸಿತು.

ಅಷ್ಟರಲ್ಲಿ ಊರಿನ ಬಟ್ಟೆ ಏನಾಯಿತು ಎಂದು ಕೇಳಬೇಕಲ್ಲ. ಎಲ್ಲವೂ ಅವಳ ಮೇಜಿಗೇ ಹೋಯಿತು. ಹೋಗಲೇಬೇಕಿತ್ತು, ಇನ್ನೆಲ್ಲಿಗೆ ಹೋಗಬೇಕು. ಒಲ್ಲದ ಮನಸ್ಸಿನಿಂದ ನಾನೂ ಹೂಂ ಅಂದಿದ್ದೆ. ನನ್ನ ಹಳೆಯ ಗಿರಾಕಿಗಳು ಮಡಿಸಿದ ಬಿಸಿ ಬಿಸಿ ಬಟ್ಟೆ ಎದೆಗೊತ್ತಿಕೊಂಡು ಅವಳ ಅಂಗಡಿಯಿಂದ ಇಳಿಯುವುದನ್ನು ನಾನು ಖಾಲಿ ಮಾಡಿನ ಕೆಳಗೆ ಕೂತು ನೋಡುತ್ತಿದ್ದೆ. ನಾನು ಯಾವತ್ತೂ ಮುಟ್ಟದ ಬಾಗಿಲ ಪರದೆ, ಮಂಚದ ಹೊದಿಕೆಗಳೂ ಅಲ್ಲಿಗೆ ಬರತೊಡಗಿದ್ದವು. ಅವೆಲ್ಲ ನನ್ನ ಕೆಲಸವಲ್ಲ ಎಂದು ಹಿಂದೆ ಎಷ್ಟೋ ಜನರನ್ನು ವಾಪಸು ಕಳಿಸಿದ್ದೆ. ಕೈ ಸರಿಯಾದ ಮೇಲೆ ಇವರು ಯಾರಾದರೂ ತಿರುಗಿ ಬರುತ್ತಾರೆಯೇ ಎಂಬ ಚಿಂತೆಯೂ ಒಳಗೆ ಕೊರೆಯುತ್ತಿತ್ತು.

ಒಂದು ಮಧ್ಯಾಹ್ನ ಶಾಲೆಯ ಮೇಷ್ಟರು ಬಂದರು. ಮೈಮೇಲೆ ಈಗಷ್ಟೇ ಇಸ್ತ್ರಿಯಾದ ಅಂಗಿ. "ಏನು ತಾಯಮ್ಮ, ಕೈ ಸರಿಯಾಯ್ತಲ್ಲ, ಸಂತೋಷ" ಅಂದರು.

"ಎಲ್ಲಿ ಸರಿಯಾಯ್ತು ಮೇಷ್ಟ್ರೇ?"

"ಮತ್ತೆ ಇದು ನಿಮ್ಮ ಕೈಯಿಂದ ಆದದ್ದೇ ಅಲ್ವೇ?" ಎಂದು ತೋಳು ಚಾಚಿದರು.

ನನ್ನ ಇಸ್ತ್ರಿಗೆ ಒಂದು ಗುರುತಿದೆ. ತೋಳಿನ ಗೆರೆ ಮಣಿಕಟ್ಟಿನ ಹತ್ತಿರ ಬಂದಾಗ ಪೆಟ್ಟಿಗೆಯನ್ನು ಒಂದು ಸುತ್ತು ತಿರುಗಿಸಿ, ಪಕ್ಕದಲ್ಲಿ ಇನ್ನೊಂದು ಸಣ್ಣ ಗೆರೆ ಕೂರಿಸುತ್ತೇನೆ. ಅತ್ತೆ ಹಾಗೆ ಮಾಡುತ್ತಿದ್ದರು, ನಾನೂ ಹಾಗೆ ಮಾಡುತ್ತೇನೆ. ಮೇಷ್ಟರ ತೋಳಿನಲ್ಲಿ ಅದೇ ಜೋಡಿಗೆರೆ ಇತ್ತು. ನನ್ನದೇ ಗೆರೆ. ಎರಡನೆಯದು ಕೂದಲೆಳೆಯಷ್ಟು ಸೊಟ್ಟ, ಅದು ನನಗೊಬ್ಬಳಿಗೇ ಕಾಣುವಂಥದ್ದು.

ಸಂಜೆ ಕೈ ಇಟ್ಟುಕೊಂಡು ಕೂತಾಗ ಕೇಳಿದೆ. "ನನ್ನ ಗೆರೆ ಯಾಕೆ ಹಾಕ್ತಿದ್ದೀರ?"

"ಅವ್ರು ನಿನ್ನ ಗಿರಾಕಿ ಅಲ್ವಾ. ನಿನ್ನ ಬಟ್ಟೆ ರಾಶಿ ಬೇರೆ ಇಟ್ಟಿದ್ದೇನೆ, ನನ್ನದು ಬೇರೆ. ನಾಳೆ ನೀನು ಪುನಃ ಶುರು ಮಾಡುವಾಗ ಅವರಿಗೆ ಅಭ್ಯಾಸ ತಪ್ಪಬಾರ್ದು." ಆಮೇಲೆ, "ನನ್ನ ಪೆಟ್ಟಿಗೆಯಲ್ಲಿ ಆ ಎರಡನೇ ಗೆರೆ ಸರಿ ಬರುದಿಲ್ಲ. ಎಷ್ಟು ಅಂಗಿ ಬಿಚ್ಚಿ ಬಿಚ್ಚಿ ಪುನಃ ಮಾಡಿದ್ದೇನೆ ಗೊತ್ತುಂಟಾ" ಅಂದಳು.

ನನ್ನ ಗಂಟು ಅವಳ ಸೊಂಟದಲ್ಲಿ ಇರುವುದು ಅವಳ ಹಣೆಬರಹ. ನನ್ನ ಗೆರೆ ಅವಳ ಕೈಯಲ್ಲಿ ಇರುವುದು ಹಾಗಲ್ಲವಲ್ಲ. "ಹಿಮ್ಮಡಿಯಿಂದ ಶುರು ಮಾಡು ಅಂದೆನಲ್ಲ, ಅಂಗಿ ತೋಳಿಗೂ ಹಂಗೇ ಮಾಡು" ಅಂದೆ. ಅಂದಿನಿಂದ ನನ್ನ ಬಾಯಲ್ಲಿ 'ನೀವು' ಬಿಟ್ಟುಹೋಯಿತು. ಬಿಟ್ಟದ್ದು ಇಬ್ಬರಿಗೂ ಗೊತ್ತಾಗಲಿಲ್ಲ.

ಅವಳ ತಂಗಿಯ ಬಗ್ಗೆ ಕೇಳಿದ್ದೂ ಅಂಥದೇ ಒಂದು ಸಂಜೆ. "ಒಳ್ಳೆಯವಳು" ಅಂದಳು. "ಮನೆ ದೊಡ್ಡದುಂಟು. ನಂಗೊಂದು ಕೋಣೆ ಕೊಡ್ತಾಳಂತೆ. ಕೆಲಸ ಎಂತದೂ ಬೇಡ, ಸುಮ್ಮನೆ ಕೂತು ಜಪಸರ ಹಿಡ್ಕೋ ಅಂತಾಳೆ."

"ನಿನಗೆ ಇಷ್ಟಾನಾ?"

"ನಂಗೆ ಸುಮ್ಮನೆ ಕೂತ್ಕೊಳ್ಳಿಕ್ಕೆ ಬರುದಿಲ್ಲ ಮಾರಾಯ್ತಿ. ಆದ್ರೆ ಇಲ್ಲಿ ಎಂತ ಮಾಡುದು? ಒಂದು ಊರಿಗೆ ಎರಡು ಪೆಟ್ಟಿಗೆ ಹೆಚ್ಚಾಯ್ತು. ನೀನೇ ಹೇಳಿದ್ದಲ್ವಾ, ಹೂವಿನವಳ ಹತ್ರ."

ಹೇಳಿದ್ದೆ. ಹೂವಿನವಳ ಬಾಯಲ್ಲಿ ಏನು ನಿಲ್ಲುತ್ತದೆ. ನಾನು ಅಂಗೈಯ ಕೆಳಗೆ ಸರಿಯುತ್ತಿದ್ದುದನ್ನು ಹಿಂಬಾಲಿಸಿದೆ. ಅದು ಈಗ ಹುಣಸೆಬೀಜದಷ್ಟು ಉಳಿದಿತ್ತು. ಅಂದು ಮೊದಲ ಸಲ, ಇದು ಕರಗದೆ ಇನ್ನೂ ಸ್ವಲ್ಪ ದಿನ ಇರಬಾರದೇ ಎಂದು ಆಸೆಯಾಯಿತು. ಗಂಟಿಗೇನು ಗೊತ್ತು. ನಾನು ಅವಸರ ಮಾಡಿದಾಗ ಹಠ ಹಿಡಿದದ್ದು, ನಿಧಾನ ಬೇಕೆಂದಾಗ ಸರಸರ ಕರಗಿತು.

ಆ ವಾರದ ಬಸ್ಸು ಬರುವ ದಿನ ಬೆಳಿಗ್ಗೆ ಎದ್ದು, ಕಿಟಕಿಯ ಮುಂದೆ ನಿಂತು, ಎಂದಿನಂತೆ ಕೈಯೆತ್ತಿ ಕೂದಲು ಸುತ್ತಿ ಕಟ್ಟಿದೆ. ಪಿನ್ನು ಚುಚ್ಚುವಾಗಲೇ ನನಗೆ ಗೊತ್ತಾದದ್ದು, ಚುಚ್ಚುತ್ತಿರುವುದು ಬಲಗೈ ಎಂದು. ಇಳಿಸಿ ಮತ್ತೆ ಎತ್ತಿದೆ. ಕಿವಿಯ ಪಕ್ಕದಲ್ಲೇ, ನೆಟ್ಟಗೆ ಮೇಲಕ್ಕೆ ಹೋಯಿತು. ಉರಿಯಿಲ್ಲ, ಬಿಗಿಯಿಲ್ಲ. ಬಾಗಿಲ ಮೇಲಿನ ಅಟ್ಟದಿಂದ ಉಪ್ಪಿನಕಾಯಿ ಜಾಡಿ ಇಳಿಸಿದೆ, ಮತ್ತೆ ಅಲ್ಲೇ ಇಟ್ಟೆ. ಮೈಯೆಲ್ಲ ಹಗುರ. ಸಂತೋಷಕ್ಕೆ ಒಬ್ಬಳೇ ನಕ್ಕೆ.

ಯಜಮಾನರು ಬಾಗಿಲಲ್ಲಿ ನಿಂತು ನನ್ನ ತುರುಬನ್ನು ನೋಡಿದರು. ಅವರಿಗೆ ಸ್ವಲ್ಪ ಬೇಜಾರೇ ಆಯಿತು ಅಂತ ಕಾಣುತ್ತದೆ, ಈಚೆಗೆ ಅವರ ಕೈಯೂ ಪಳಗಿತ್ತು. "ವಾಸಿಯಾಯ್ತು ಅನ್ನು" ಅಂದರು. ಆಮೇಲೆ, "ಹಂಗಾದ್ರೆ ಹಿಲ್ಡಮ್ಮ ಹೊರಟ್ರು ಅನ್ನು."

ನಾನು ಜಾಡಿಯನ್ನು ಮತ್ತೆ ಇಳಿಸಿ ಸೆರಗಿನಿಂದ ಒರೆಸತೊಡಗಿದೆ.

"ಅಲ್ಲ ಕಣೇ" ಎಂದು ಅವರು ಚಪ್ಪಲಿ ಮೆಟ್ಟುತ್ತಾ ಅಂದರು, "ಪರದೆ, ಹೊದಿಕೆ, ಅಂಗಿ, ಪಂಚೆ, ಎಲ್ಲ ಸೇರಿಸಿದ್ರೆ ಆ ಯಮ್ಮನ ಮೇಜು ತುಂಬಿ ನೆಲದ ಮೇಲೆ ಬಿದ್ದಿರ್ತದೆ ಈಗ. ಒಬ್ಬರ ಕೈಲಿ ಆಗೋ ಕೆಲಸಾನ ಅದು?"

"ಅದನ್ನ ನನಗ್ಯಾಕೆ ಹೇಳ್ತೀರಿ?"

"ಇನ್ಯಾರಿಗೆ ಹೇಳ್ಲಿ, ಗೋಡೆಗಾ?" ಎಂದು ಹೊಳೆಯ ಕಡೆ ಹೋದರು.

ನಾನು ಹಿಲ್ಡಮ್ಮನ ಅಂಗಡಿಗೆ ಹೋಗುವ ಹೊತ್ತಿಗೆ ಬೀಗ ಬಿದ್ದಿತ್ತು. ನನ್ನ ಮಾಡಿನ ಕೆಳಗೆ, ಕಂಬಳಿ ಹಾಸಿದ ಮೇಜಿನ ಮೇಲೆ, ನನ್ನ ಗಿರಾಕಿಗಳ ಬಟ್ಟೆಯ ರಾಶಿ ಮಡಿಸಿಟ್ಟಿತ್ತು. ಪಕ್ಕದಲ್ಲಿ ಒಂದು ಪೊಟ್ಟಣ ಸಬ್ಬಕ್ಕಿ. ನಾನು ಹೇಳುವ ಮುಂಚೆ ಅವಳಿಗೆ ಗೊತ್ತಾಗಿತ್ತು. ಅವಳ ಸೊಂಟ ಅವಳಿಗೆ ಹೇಳಿತ್ತು. ಮೇಲಿನ ಅಂಗಿಯ ತೋಳು ಎತ್ತಿ ನೋಡಿದೆ. ಜೋಡಿಗೆರೆ. ಎರಡನೆಯದೂ ನೆಟ್ಟಗಿತ್ತು.

ಬಸ್‌ಸ್ಟ್ಯಾಂಡಿಗೆ ಓಡಿದೆ. ನನ್ನ ವಯಸ್ಸಿಗೆ ಓಡಬಾರದು, ಓಡಿದೆ. ಬಸ್ಸಿನ ಎಂಜಿನ್ ಆಗಲೇ ಗುಡುಗುಡು ಎನ್ನುತ್ತಿತ್ತು. ಮೇಲೆ, ಮೂಟೆಗಳ ಅಂಚಿನಲ್ಲಿ, ಹಿಲ್ಡಮ್ಮನ ಕಬ್ಬಿಣದ ಟ್ರಂಕು. ಅವಳು ಕಿಟಕಿಯ ಪಕ್ಕ ಕೂತು ಎದುರಿಗೆ ನೋಡುತ್ತಿದ್ದಳು, ಮುಖ ಮಾಮೂಲಿನ ಹಾಗೆಯೇ ಇತ್ತು, ಕೈಗಳು ಮಾತ್ರ ಮಡಿಲಲ್ಲಿ ಕರವಸ್ತ್ರವನ್ನು ಮಡಿಸುತ್ತಿದ್ದವು, ಬಿಚ್ಚುತ್ತಿದ್ದವು, ಮತ್ತೆ ಮಡಿಸುತ್ತಿದ್ದವು. ಬಸ್ಸು ಹೊರಡುವವರೆಗೆ ಸುಮ್ಮನೆ ಕೂರುವುದಕ್ಕೇ ಆಗದ ಕೈ ಜಪಸರ ಹಿಡಿದು ಎಷ್ಟು ವರ್ಷ ಕೂತೀತು ಎಂದು ಯೋಚಿಸಿದೆ, ಸಂಕಟವಾಯಿತು.

ಮರಿಗೌಡ ಫುಟ್‌ಬೋರ್ಡಿನ ಮೇಲೆ ನಿಂತು, ಅಂಗೈ ಬಾಯಿಯ ಪಕ್ಕ ಇಟ್ಟು ಕೂಗಿದ. "ಈ ಬಸ್ಸಲ್ಲಿ ಯಾರ ಗಂಟಾದ್ರೂ ಹೊರಟೈತಾ? ಇದ್ರೆ ಕೈ ಎತ್ತಿ."

ನಾನು ಕೈ ಎತ್ತಿದೆ.

ಬಲಗೈ. ಅದೂ ಸುಮ್ಮನೆ ಅಲ್ಲ, ಕಿವಿಗೆ ತಾಗಿಸಿ, ಬೆರಳ ತುದಿಯವರೆಗೆ ನೆಟ್ಟಗೆ, ಬಳೆಗಳೆಲ್ಲ ಜಾರಿ ಮೊಣಕೈಗೆ ಬಂದು ಕೂತವು. ಎತ್ತಿದ ಮೇಲೇ ನಾನು ಮಾಡಿದ ಎಡವಟ್ಟು ನನಗೆ ತಿಳಿದದ್ದು. ಎಡಗೈ ಎತ್ತಬಹುದಿತ್ತು. ಆದರೆ ನಮ್ಮೂರಿನಲ್ಲಿ ನೋಯುವ ಕೈಯನ್ನೇ ಮುಂದಿಟ್ಟು ಅಭ್ಯಾಸ, ಅದು ತಾನಾಗಿಯೇ ಹೋಗಿತ್ತು. ಬಸ್‌ಸ್ಟ್ಯಾಂಡೆಲ್ಲ ನನ್ನ ಕಡೆ ತಿರುಗಿತು. ಮೊದಲು ನಕ್ಕವಳು ಹೂವಿನವಳು. ಆಮೇಲೆ ಅಣ್ಣತಮ್ಮಂದಿರು ಇಬ್ಬರೂ ಒಟ್ಟಿಗೆ ನಕ್ಕರು.

ಮರಿಗೌಡ ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿದ. "ತಾಯಕ್ಕ, ನಿನಗೆ ಎತ್ತೋಕಾಗದೆ ಇದ್ದ ಕೈ ಯಾವುದು?"

"ಇದೇ."

"ಈಗ ಎತ್ತಿರೋದು?"

"ಇದೇ. ಏನೀಗ? ಹಿಲ್ಡಮ್ಮನ ಸೊಂಟದಲ್ಲಿ ನನ್ನ ಗಂಟೈತೆ. ಎತ್ತಿದ ಕೈಗೆ ಪ್ರಶ್ನೆ ಹಾಕೋ ಪದ್ಧತಿ ಯಾವಾಗಿಂದ ಶುರುವಾಯ್ತು?"

ಅವನು ಚೌಡಪ್ಪಣ್ಣನ ಕಡೆ ನೋಡಿದ. ಚೌಡಪ್ಪಣ್ಣ ತನ್ನ ಹಳೆಯ ಬಸ್ಸಿನ ಚಕ್ರವನ್ನು ಎಂದೂ ಕಾಣದವನ ಹಾಗೆ ನೋಡುತ್ತಾ, "ಪ್ರಶ್ನೆ ಮಾಡೋ ಹಂಗಿಲ್ಲಪ್ಪ. ಕಟ್ಟಳೆ ಅಂದ್ರೆ ಕಟ್ಟಳೆ" ಅಂದ.

ಹಿಲ್ಡಮ್ಮ ಕಿಟಕಿಯಿಂದ ತಲೆ ಹೊರಗೆ ಹಾಕಿದಳು. ಕಣ್ಣು ಒದ್ದೆಯಾಗಿತ್ತು, ದನಿ ಗದರುವಂತಿತ್ತು. "ನನ್ನ ಸೊಂಟದಲ್ಲಿ ಎಂತದೂ ಇಲ್ಲ ತಾಯಮ್ಮ. ನಿಂಗೂ ಗೊತ್ತುಂಟು."

"ಗೊತ್ತು. ಇಳಿ."

"ಇಳಿದು ಎಂತ ಮಾಡುದು?"

"ಒಂದು ಮೇಜು ಸಾಕು. ನೀನು ಆ ಕಡೆ, ನಾನು ಈ ಕಡೆ. ಪರದೆ ನೀನು ಮಾಡು, ಅವು ನನಗೆ ಕಂಡ್ರಾಗಲ್ಲ. ನೀನಿಲ್ದೆ ಸಬ್ಬಕ್ಕಿ ಗಂಜಿ ಎಷ್ಟು ಹೊತ್ತು ಕುದಿಸ್ಬೇಕು ಅಂತ ಯಾರನ್ನ ಕೇಳ್ಲಿ ನಾನು?"

ಅವಳು ಕರವಸ್ತ್ರವನ್ನು ಕೊನೆಯ ಸಲ ಮಡಿಸಿ ಸೊಂಟಕ್ಕೆ ಸಿಕ್ಕಿಸಿಕೊಂಡು ಎದ್ದಳು. ಫುಟ್‌ಬೋರ್ಡಿನಿಂದ ಇಳಿದು, ಊರೆಲ್ಲ ನೋಡುತ್ತಿದ್ದಂತೆ ನನ್ನ ಎದುರಿಗೆ ಬಂದು ನೆಟ್ಟಗೆ ನಿಂತು, "ಟ್ರಂಕು ಮೇಲ್ಗಡೆ ಉಂಟಲ್ಲ" ಅಂದಳು.

ಮರಿಗೌಡ ಏಣಿ ಹತ್ತಿ ಟ್ರಂಕನ್ನು ಅಂಚಿಗೆ ತಳ್ಳಿದ. ನನ್ನ ಕೈ ಇನ್ನೂ ಮೇಲೇ ಇತ್ತು, ಇನ್ನೊಂದನ್ನೂ ಎತ್ತಿ ಟ್ರಂಕನ್ನು ನಾನೇ ಇಳಿಸಿಕೊಂಡೆ.